ಗಾರ್ಡ ಯಾಕೂಬಸಾಬ ಮತ್ತು ಚಿತ್ರದ ಪೆಟ್ಟಿಗೆ

ಯಾಕೂಬಸಾಬ ಯಾರನ್ನೂ ನಂಬುತ್ತಿರಲಿಲ್ಲ. ಮನೆಗೆ ಕೀಲಿ ಹಾಕಿ, ಜಗ್ಗಿ ನೋಡಿ, ಓಣಿಯ ತುದಿಯಿಂದ ತಿರುಗಿ ಬಂದು ಮತ್ತೊಮ್ಮೆ ಜಗ್ಗುತ್ತಿದ್ದ. ಒಳಗೆ ಹೆಂಡತಿ ಇಮಾಮಬಿ ಕೂತಿದ್ದಾಳೆಂಬುದು ಆಗ ನೆನಪಾಗುತ್ತಿತ್ತು. ಧಾರವಾಡದ ಪಶ್ಚಿಮಕ್ಕಿದ್ದ ಕಾಯ್ದಿಟ್ಟ ಅಡವಿಗೆ ಗಾರ್ಡನನ್ನಾಗಿ ಇಂಥವನನ್ನೇ ಆರಿಸಿದ ಸರಕಾರವನ್ನು ಮೆಚ್ಚಬೇಕು.

ಆದರೆ ಅವನದೂ ಒಂದು ಗುಟ್ಟಿತ್ತು. ಬೇಸಿಗೆಯಲ್ಲಿ ಊರ ಬಾವಿ ಬತ್ತಿದಾಗ ಮುದುಕಿ ಮುರಿಗೆವ್ವನ ಎಮ್ಮೆಯನ್ನು ಅಡವಿಯೊಳಗಿನ ಒರತೆಗೆ ಬಿಡುತ್ತಿದ್ದ. ಅಡವಿ ಖಾತೆಯ ಸಾಹೇಬರಿಗೆ ಗೊತ್ತಾದರೆ ಎಮ್ಮೆ ಹಿಡಿದ ದನ ಕೂಡಿಹಾಕುವ ಕೊಂಡವಾಡಕ್ಕೆ, ಇವನು ಮನೆಗೆ. ಮುದುಕಿಯ ಹೊಟ್ಟೆಯೋ ಆ ಎಮ್ಮೆಯ ಹಾಲಿನ ಮೇಲೆಯೇ.

೧೯೩೮ರ ಬೇಸಿಗೆಯಲ್ಲಿ ತ್ರ್ಯಂಬಕ, ಗೌಸಮೊದ್ದೀನ ಎಂಬ ಇಬ್ಬರು ಕಾಲೇಜು ಹುಡುಗರು ಕೈಯಿಂದ ತಿರುಗಿಸುವ ಸಿನೆಮಾ ಕ್ಯಾಮೆರಾ ಹೊತ್ತು ಬಂದರು. ಅಡವಿಯ ಹಕ್ಕಿ, ಗಿಡ, ಜನರ ಬಾಳುವೆ ತೆಗೆದು ಸಾಲಿಯ ಮಕ್ಕಳಿಗೆ ತೋರಿಸುವುದು ಅವರ ಹಂಬಲ. ಪರವಾನಗಿ ಕೊಟ್ಟವರು ಸಾಹೇಬರೇ ಎಂದು ಕೇಳಿದ್ದೇ ಯಾಕೂಬಸಾಬನಿಗೆ ಖಾತ್ರಿಯಾಯಿತು: ಇವರು ಸಾಹೇಬರ ಗೂಢಚಾರರೇ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರೂ ಕೇಳದಿದ್ದರೂ, "ಇಲ್ಲಿ ಎಮ್ಮಿ ಗಿಮ್ಮಿ ಯಾವೂ ಬರಂಗಿಲ್ರಿ" ಎಂದುಬಿಟ್ಟ.

ಅಡವಿಯೆಲ್ಲ ಸುತ್ತಿಸಿದ, ಒರತೆಯ ಕಡೆ ಮಾತ್ರ ಸುಳಿಯಗೊಡಲಿಲ್ಲ. ಹುಡುಗರೇನು ಕುರುಡರೇ? ಒಂದು ಮುಂಜಾನೆ ಹಕ್ಕಿಗಳ ಹಿಂದೆ ಹೋಗಿ ತಾವೇ ಒರತೆ ಮುಟ್ಟಿದರು. ಹುಡುಕುತ್ತ ಬಂದ ಯಾಕೂಬಸಾಬನಿಗೆ ದೂರದಿಂದಲೇ ಕಂಡಿತು: ಕ್ಯಾಮೆರಾ, ಅದರೆದುರಿಗೆ ಮುರಿಗೆವ್ವ, ಎಮ್ಮೆ.

ಮಧ್ಯಾಹ್ನ ಹುಡುಗರು ಜಳಕಕ್ಕೆ ಹೋದಾಗ ಕ್ಯಾಮೆರಾದ ಪೆಟ್ಟಿಗೆಯನ್ನು ಬಿಸಿಲಿಗೊಯ್ದು ತೆರೆದ. ಒಳಗಿನ ಕರಿ ಪಟ್ಟಿಯನ್ನು ಪೂರಾ ಎಳೆದು ಸೂರ್ಯನಿಗೆ ಹಿಡಿದು ನೋಡಿದ. ಎಮ್ಮೆ ಎಲ್ಲೂ ಇರಲಿಲ್ಲ. ಅವನಿಗೆ ಹೋದ ಜೀವ ಬಂತು.

ತಿರುಗಿ ಬಂದ ತ್ರ್ಯಂಬಕ ಬಿಸಿಲಲ್ಲಿ ಬಿದ್ದಿದ್ದ ಪಟ್ಟಿಯನ್ನು ಕೈಗೆತ್ತಿಕೊಂಡ. "ಬಿಸಲು ಬಿದ್ರ ಎಲ್ಲಾ ಅಳಿಸಿ ಹೋಗ್ತೈತ್ರಿ ಕಾಕಾ. ನಮ್ಮ ಹತ್ರ ಇದ್ದದ್ದು ಇದೊಂದ ರೀಲು."

"ಮತ್ತ ಎಮ್ಮೀ ಚಿತ್ರ ಯಾಕ ತಗದ್ರಿ?"

"ಎಲ್ಲಿ ತಗದೀವ್ರಿ? ನಿಮ್ಮ ನೌಕರಿ ಹೋಗ್ತೈತಿ ಅಂತ ಮುರಿಗೆವ್ವ ಕೈ ಮುಗದ್ಲು. ಎಮ್ಮಿ ನೀರು ಕುಡದು ಹೋಗೂತನಕಾ ನಾವು ಹಿಡಿಕೀನ ಮುಟ್ಟಲಿಲ್ಲ."

ಯಾಕೂಬಸಾಬನಿಗೆ ನಾಚಿಕೆಯಿಂದ ಅನ್ನ ಸೇರಲಿಲ್ಲ. ಮರುದಿನ ಮುಂಜಾನೆ ಸರಕಾರಿ ಡ್ರೆಸ್ಸು ಹಾಕಿ, ಎಮ್ಮೆಯ ಹಗ್ಗ ತಾನೇ ಹಿಡಿದು ಒರತೆಗೆ ಬಂದ. ಗಂಟುಮೂಟೆ ಕಟ್ಟುತ್ತಿದ್ದ ಹುಡುಗರನ್ನು ಕ್ಯಾಮೆರಾ ಸಮೇತ ಅಲ್ಲಿಗೇ ಕರೆಸಿದ.

"ನನ್ನನ್ನೂ ಎಮ್ಮೀನೂ ಕೂಡೇ ತಗೀರಿ. ಬೇಕಾರ ಸಾಹೇಬ್ರಿಗೂ ತೋರಸ್ರಿ. ನಿಮ್ಮ ಕೆಲಸ ನಾ ಕೆಡಿಸೇನಿ, ನನ್ನ ನೌಕರಿ ನೀವು ಕೆಡಸ್ರಿ" ಎಂದು ಎದೆ ಸೆಟೆಸಿ ನಿಂತ.

ರೀಲು ಎಲ್ಲಿಂದ ಬರಬೇಕು? ಹಾಗೆಂದು ಹೇಳಲು ಬಾಯಿ ತೆರೆದ ತ್ರ್ಯಂಬಕ ಅವನ ಮುಖ ನೋಡಿ ಮನಸ್ಸು ಬದಲಿಸಿದ. ಖಾಲಿ ಪೆಟ್ಟಿಗೆಯ ಹಿಡಿಕೆಯನ್ನೇ ಗರಗರ ತಿರುಗಿಸಿ, "ಛಲೋ ಬಂತ್ರಿ ಕಾಕಾ" ಎಂದ.

"ಖರೇನ?"

"ಖರೇರಿ."

ಯಾಕೂಬಸಾಬ ಹತ್ತಿರ ಬಂದು ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಟ್ಟ. ತೆರೆದು ನೋಡಲಿಲ್ಲ.