ಪ್ರಣಮ್ಯಾಳ ಮಲೇಷ್ಯಾ ಪಾಸ್‌ಪೋರ್ಟ್

ಸುಕೇಶ್ ಚೆನ್ನೈಯ ಟಿ. ನಗರದಲ್ಲಿರುವ ಸಸ್ಯಾಹಾರಿ ಹೋಟೆಲೊಂದರಲ್ಲಿ ಸೂಪರ್‌ವೈಸರ್. ಊರು ಕಾರ್ಕಳದ ಕಡೆ. ಚೆನ್ನೈಗೆ ಬರುವ ಮೊದಲು ಮಲೇಷ್ಯಾದ ಈಪೊ ಪಟ್ಟಣದ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ. ಅಲ್ಲಿಯ ತಮಿಳು ಹುಡುಗಿ ಕೋಕಿಲವಾಣಿಯನ್ನು ಮದುವೆಯಾದ. ಮಗಳು ಪ್ರಣಮ್ಯಾ ಹುಟ್ಟಿದ್ದು ಅಲ್ಲೇ. ತಾಯಿಯ ಹಾಗೆ ಅವಳೂ ಆ ದೇಶದ ಪ್ರಜೆ. ಮಗು ನಡೆಯಲು ಕಲಿತ ಮೇಲೆ ಮೂವರೂ ಚೆನ್ನೈಗೆ ಬಂದರು. ಕಳೆದ ವರ್ಷ ಡೆಂಗಿ ಜ್ವರ ಬಂದು ಕೋಕಿಲವಾಣಿ ತೀರಿಕೊಂಡಳು.

ಈಗ ಮಗಳ ಪಾಸ್‌ಪೋರ್ಟಿನ ಅವಧಿ ಮುಗಿಯುತ್ತ ಬಂದಿತ್ತು. ಅದು ಹೊಸದಾಗದಿದ್ದರೆ ಇಲ್ಲಿರಲು ಕೊಟ್ಟ ವೀಸಾ ಕೂಡ ಮುಂದುವರಿಯುವುದಿಲ್ಲ. ಬೆಳಗಿನ ಪಾಳಿ ಬೇರೆಯವರಿಗೆ ಬಿಟ್ಟು, ಮಗಳಿಗೆ ಶಾಲೆ ತಪ್ಪಿಸಿ, ಸುಕೇಶ್ ಚೆನ್ನೈಯಲ್ಲಿರುವ ಮಲೇಷ್ಯಾ ದೂತಾವಾಸದ ಕಚೇರಿಗೆ ಅಲೆದ. ಮೊದಲ ಸಲ ಫೋಟೋ ಸರಿಯಿರಲಿಲ್ಲ. ಮತ್ತೆ ಹೋದಾಗ ಕೌಂಟರಿನ ಹೆಂಗಸು ಕಾಗದಗಳನ್ನೆಲ್ಲ ನೋಡಿ, ತೀರಿಕೊಂಡ ತಾಯಿಯ ಜನನಪತ್ರವೂ ಬೇಕೆಂದು ಮೆಲ್ಲಗೆ ಹೇಳಿದಳು.

ಹೊರಗೆ ಬಿಸಿಲಿನಲ್ಲಿ ಬಸ್ಸಿಗೆ ಕಾಯುವಾಗ ಪ್ರಣಮ್ಯಾ, "ಅಪ್ಪಾ, ಕಾಲು ವಲಿಕ್ಕುದು," ಎಂದಳು. ಅವನು ಕನ್ನಡದಲ್ಲಿ ಮಾತಾಡಿದರೂ ಅವಳ ಉತ್ತರ ತಾಯಿಯ ತಮಿಳಿನಲ್ಲೇ.

"ನೋವಾಗ್ತದಾ ಮಗಾ? ಬಾ, ಎತ್ತಿಕೊಳ್ತೇನೆ."

ಎತ್ತಿಕೊಂಡ. ಹುಡುಗಿ ಬೆಳೆದಿದ್ದಳು, ತೋಳು ಸೋತಿತು.

"ಎಂತಕ್ಕೆ ಇಷ್ಟು ಅಲೆದಾಟ ಮಾರಾಯ?" ಎಂದ, ಅವರು ಹೋಟೆಲಿಗೆ ಮರಳಿದಾಗ, ಯಜಮಾನ ಕೃಷ್ಣಪ್ರಸಾದ. "ಹೆಂಡತಿಯೇ ಇಲ್ಲ ಈಗ. ಮಗುವನ್ನು ಇಲ್ಲಿಯ ಪ್ರಜೆ ಮಾಡಿಬಿಡು."

"ಅವಳಿಗೆ ಅಮ್ಮನದ್ದು ಅಂತ ಉಳಿದದ್ದು ಅದೊಂದೇ ಅಲ್ವಾ ಅಣ್ಣ? ದೊಡ್ಡವಳಾದ ಮೇಲೆ ಬೇಡ ಅಂತಾದ್ರೆ ಅವಳೇ ಬಿಡ್ಲಿ. ನಾನು ಬಿಡಿಸುದು ಬೇಡ."

ಜನನಪತ್ರ ಇದ್ದದ್ದು ಈಪೊದಲ್ಲಿ, ಕೋಕಿಲವಾಣಿಯ ಅಣ್ಣ ಮುನಿಯಾಂಡಿಯ ಮನೆಯಲ್ಲಿ. ಈ ಮದುವೆ ಅವನಿಗೆ ಒಪ್ಪಿಗೆಯಿರಲಿಲ್ಲ. ತಂಗಿ ಸತ್ತಾಗಲೂ ಬಂದಿರಲಿಲ್ಲ. ಅಂದಿನಿಂದ ಸುಕೇಶ್ ಅವನಿಗೆ ಫೋನ್ ಮಾಡಿರಲಿಲ್ಲ. ಆ ಮಧ್ಯಾಹ್ನ ಅಡುಗೆಮನೆಯ ಹಿಂದೆ ಕೂತು ಮಾಡಿದ. ತನ್ನ ಒರಟು ತಮಿಳಿನಲ್ಲಿ ಎಲ್ಲ ಹೇಳಿದ. ಮಗು ಹತ್ತಿರ ಇದೆಯಾ ಎಂದು ಆ ಕಡೆಯಿಂದ ಪ್ರಶ್ನೆ ಬಂತು.

ಪ್ರಣಮ್ಯಾ ಫೋನ್ ಹಿಡಿದು ಶಾಲೆ, ಗೆಳತಿ, ಬಿದ್ದುಹೋದ ಹಲ್ಲು, ಏನೇನೋ ಹೇಳಿದಳು. ಸ್ವಲ್ಪ ಹೊತ್ತಿನ ಮೇಲೆ ಗೊಂದಲದಿಂದ ಅಪ್ಪನ ಮುಖ ನೋಡಿದಳು. ಮಾಮ ಅಳುತ್ತಿದ್ದಾರೆ ಎಂದಳು.

ಕೊರಿಯರ್‌ನಲ್ಲಿ ಜನನಪತ್ರ ಬಂತು. ಜೊತೆಗೆ ಒಂದು ಸಾಲೂ ಇರಲಿಲ್ಲ. ಮುಂದೆ ಪಾಸ್‌ಪೋರ್ಟೂ ಕೈಸೇರಿತು. ಸಂತೋಷಪಡಬೇಕೆಂದು ಸುಕೇಶನಿಗೆ ಅನ್ನಿಸಿತು, ಆದರೆ ನಿದ್ದೆಯೇ ಮೊದಲು ಬಂತು.

ಮುನಿಯಾಂಡಿ ಈಗ ಪ್ರತಿ ಭಾನುವಾರ ಸೊಸೆಗೆ ಫೋನ್ ಮಾಡುತ್ತಾನೆ. ಸುಕೇಶನೊಡನೆ ಮಾತಿಲ್ಲ. ಮೊನ್ನೆ ಮಾತ್ರ, ಫೋನ್ ಇಡುವ ಮೊದಲು ಅವನನ್ನು ಕರೆಸಿ, ಊಟ ಆಯಿತಾ ಎಂದು ಕೇಳಿದ. ಬೆಳಗಿನಿಂದ ಹೋಟೆಲಿನಲ್ಲಿ ನಿಂತೇ ಇದ್ದ ಸುಕೇಶ್, ಇನ್ನೂ ಇಲ್ಲ ಎಂದು ಹೇಳಿ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ.