ಹನ್ನೊಂದು ದಿನದ ಹಸು ಡಾಕ್ಟರು

ಸೀಟು ಸಿಗದ ಮಕ್ಕಳು ಊರಿಗೆ ಒಬ್ಬಿಬ್ಬರಾದರೂ ಇರುತ್ತಾರೆ. ಸಿಗದ ಸೀಟನ್ನು ಸಿಕ್ಕಿದೆ ಎಂದು ಹನ್ನೊಂದು ದಿನ ಊರನ್ನೆಲ್ಲ ನಂಬಿಸಿದವಳು ಬಹುಶಃ ನಾನೊಬ್ಬಳೇ. ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ, ಆದರೂ ಬರೆದುಬಿಡುತ್ತೇನೆ.

ಅಪ್ಪ ದೇವನೂರಿನ ಹತ್ತಿರದ ನಮ್ಮ ಊರಲ್ಲಿ ಹಾಲಿನ ಡೈರಿಯ ಸೆಕ್ರೆಟರಿ. ಬೆಳಿಗ್ಗೆ ಸಂಜೆ ಊರಿಗೆ ಊರೇ ಕ್ಯಾನು ಹಿಡಿದು ಅವರ ಮುಂದೆ ಸಾಲು ನಿಲ್ಲಬೇಕು. ನೀರು ಬೆರೆಸಿದ ಹಾಲಾದರೆ ಬೀಗರು ತಂದರೂ ವಾಪಸ್ಸು. ಎದುರಿಗೆ ಯಾರೂ ಉಸಿರೆತ್ತುತ್ತಿರಲಿಲ್ಲ, ಹಿಂದಿನಿಂದ ಚೆನ್ನಾಗಿ ಬೈಯುತ್ತಿದ್ದರು. ಇಂಥ ಅಪ್ಪನಿಗೆ ಇದ್ದದ್ದು ಒಂದೇ ಆಸೆ, ಮಗಳು ವೆಟರ್ನರಿ ಓದಿ ಹಸು ಡಾಕ್ಟರಾಗಬೇಕು. ನನಗೂ ಅದೇ ಆಸೆ. ಆದರೆ ಸಿಇಟಿಯಲ್ಲಿ ಬಂದ ರ‍್ಯಾಂಕು ಅತ್ತಲೂ ಇಲ್ಲ, ಇತ್ತಲೂ ಇಲ್ಲ ಅನ್ನುವಂಥದ್ದು.

ಸೀಟು ಹಂಚುವ ಮೊದಲು ಒಂದು ಅಣಕು ಹಂಚಿಕೆ ಮಾಡುತ್ತಾರೆ. ನಾವು ಕೊಟ್ಟ ಕಾಲೇಜುಗಳ ಪಟ್ಟಿ ನೋಡಿ, ಸದ್ಯಕ್ಕೆ ಇಂಥದ್ದು ಸಿಗಬಹುದು ಎಂದು ತೋರಿಸುವುದು ಅಷ್ಟೇ. ಆಮೇಲೆ ಎಲ್ಲರೂ ಪಟ್ಟಿ ಬದಲಿಸುತ್ತಾರೆ, ಅಸಲಿ ಹಂಚಿಕೆಯಲ್ಲಿ ಎಲ್ಲ ತಲೆಕೆಳಗಾಗಬಹುದು. ನಂಜನಗೂಡಿನ ಸೈಬರ್ ಅಂಗಡಿಯವರು ಪ್ರಿಂಟು ಕೈಗೆ ಕೊಡುತ್ತಾ ಇದನ್ನು ಎರಡೆರಡು ಸಲ ಹೇಳಿದರು. ವೆಟರ್ನರಿ ತೋರಿಸುತ್ತಿದೆ ನಿಜ, ಗ್ಯಾರಂಟಿ ಅಲ್ಲ, ಈಗಲೇ ಯಾರಿಗೂ ಹೇಳಬೇಡಿ ಅಂದರು. ನಾನು ತಲೆಯಾಡಿಸಿದೆ.

ಹೊರಗೆ ಅಪ್ಪ ಬೈಕಿನ ಮೇಲೆ ಕಾಯುತ್ತಿದ್ದರು.

"ಏನಾಯ್ತವ್ವ?"

"ವೆಟರ್ನರಿ ಬಂದದೆ ಅಪ್ಪ."

ಮುಂದಿನ ಮಾತು ನಾಲಿಗೆ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಅಪ್ಪ ಹೆಲ್ಮೆಟ್ಟು ತೆಗೆದು, ನಂಜುಂಡೇಶ್ವರನ ಗೋಪುರದ ಕಡೆ ಕೈಮುಗಿದು, ನಡುರಸ್ತೆಯಲ್ಲೇ ಕಣ್ಣೊರೆಸಿಕೊಂಡರು. ಅವರು ಅತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಮಾತು ನುಂಗಿಕೊಂಡೆ, ಮನೆಗೆ ಹೋಗಿ ಹೇಳೋಣ ಅಂದುಕೊಂಡೆ. ಅವರು ಮೈಸೂರು ಪಾಕು ಕಟ್ಟಿಸಿಕೊಂಡು, ಮನೆಗೆ ಹೋಗದೆ ಸೀದಾ ಡೈರಿಗೆ ಗಾಡಿ ಬಿಟ್ಟರು.

ಆ ಸಂಜೆ ಹಾಲು ಹಾಕಿದವರಿಗೆಲ್ಲ ಒಂದೊಂದು ತುಂಡು. ಹಾಲಿನ ರೇಟು ಬರೆಯುವ ಕರಿಹಲಗೆಯಲ್ಲಿ ಯಾರೋ ನನಗೆ ಅಭಿನಂದನೆ ಬರೆದರು, ಹೆಸರಿನ ಹಿಂದೆ ಡಾಕ್ಟರ್ ಅಂತಲೂ ಸೇರಿಸಿದರು. ನಾನು ಪೆಚ್ಚಾಗಿ ನಕ್ಕೆ. ನಿಜ ಹೇಳಬೇಕೆಂದರೆ ಪೆಚ್ಚು ಸ್ವಲ್ಪವೇ, ಖುಷಿಯೇ ಹೆಚ್ಚು. ಅಸಲಿ ಪಟ್ಟಿಯಲ್ಲೂ ಇದೇ ಬಂದರೆ ಸುಳ್ಳು ಹೇಳಿದಂತೆಯೇ ಆಗುವುದಿಲ್ಲವಲ್ಲ ಎಂದು ನನ್ನ ಪರ ನಾನೇ ವಕೀಲಿ ಮಾಡಿಕೊಂಡೆ.

ಮೂರನೇ ದಿನ ಎದುರುಮನೆ ಅಜ್ಜಿ ಕೈಹಿಡಿದು ಕೊಟ್ಟಿಗೆಗೆ ಎಳೆದುಕೊಂಡು ಹೋಯಿತು. "ಅಸ ಮೇವು ಮುಟ್ತಾ ಇಲ್ಲ, ವಸಿ ನೋಡವ್ವ." ನೋಡಿದೆ, ನಾಚಿಕೆಯಿಲ್ಲದೆ ನೋಡಿದೆ. ಸರ್ಕಾರಿ ಡಾಕ್ಟರು ಮಾಡುವ ಹಾಗೆ ಕಿವಿ ಮುಟ್ಟಿ, ಕಣ್ಣುರೆಪ್ಪೆ ಎಳೆದು, ಏನೂ ಇಲ್ಲ ಬಿಡಜ್ಜಿ, ಸಂಜೆಗೆ ಸರಿಹೋಗುತ್ತೆ ಅಂದೆ. ಪುಣ್ಯಕ್ಕೆ ಸಂಜೆ ಅದು ಹುಲ್ಲಿಗೆ ಬಾಯಿ ಹಾಕಿತು. ಅಜ್ಜಿ ಡೈರಿಯಲ್ಲಿ ಹಾಡಿ ಹೊಗಳಿತು. ಅಪ್ಪ ಊಟಕ್ಕೆ ಕೂತಾಗ ಅಮ್ಮನಿಗೆ ಅದನ್ನೇ ಇನ್ನೊಮ್ಮೆ ಹೇಳಿದರು. ಆ ಹಸುವಿಗೆ ಏನಾದರೂ ಆಗಿದ್ದರೆ ಅಜ್ಜಿಗೆ ಏನು ಹೇಳುತ್ತಿದ್ದೆನೋ.

ಹನ್ನೊಂದನೇ ದಿನ ಅಸಲಿ ಪಟ್ಟಿ ಬಂತು. ನನಗೆ ಯಾವ ಕಾಲೇಜೂ ಇರಲಿಲ್ಲ. ಅಪ್ಪನಿಗೆ ಮೊಬೈಲು ತೋರಿಸಿ, ಮೊದಲಿನದು ಬರೀ ಅಣಕು ಹಂಚಿಕೆಯಂತೆ ಅಂದೆ, ನನಗೂ ಆಗಷ್ಟೇ ಗೊತ್ತಾದವಳ ಹಾಗೆ. ಅಪ್ಪ ಮೊಬೈಲು ವಾಪಸ್ಸು ಕೊಟ್ಟು ಡೈರಿಗೆ ಹೊರಟರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾರನೇ ದಿನ ಮೊದಲ ಬಸ್ಸು ಹತ್ತಿ ತಿ. ನರಸೀಪುರದ ಸೋದರಮಾವನ ಮನೆಗೆ ಓಡಿಹೋದೆ. ಸೀಟು ಹಂಚಿಕೆಯ ಎರಡನೇ ಸುತ್ತೂ ಕೈಕೊಟ್ಟಿತೆಂದು ತಿಳಿದದ್ದು ಅಲ್ಲೇ. ಅತ್ತೆ ಬಡಿಸಿದ್ದನ್ನು ತಿಂದುಕೊಂಡು, ಬಾಗಿಲು ಸದ್ದಾದರೆ ಒಳಕೋಣೆ ಸೇರಿಕೊಂಡು ಎರಡು ವಾರ ತಳ್ಳಿದೆ. ಊರಲ್ಲಿ ಅಪ್ಪ ದಿನಕ್ಕೆರಡು ಸಲ ಅದೇ ಸಾಲಿನ ಎದುರು ಕೂರಬೇಕಾಗಿತ್ತು ಅನ್ನುವುದು ನನ್ನ ತಲೆಗೇ ಬರಲಿಲ್ಲ.

ವಾಪಸ್ಸು ಬಂದ ಸಂಜೆ ಅಮ್ಮ ನಮ್ಮ ಹಸುವಿನ ಹಾಲನ್ನು ಕ್ಯಾನಿಗೆ ಸುರಿದು, ಇವತ್ತು ನೀನೇ ಹೋಗು ಅಂದಳು. ಹೋಗಿ ಸಾಲಿನ ಕೊನೆಗೆ ತಲೆತಗ್ಗಿಸಿ ನಿಂತೆ. ಮುಂದೆ ನಿಂತಿದ್ದವರೊಬ್ಬರು ಊರಲ್ಲಿರಲಿಲ್ಲವೋ ಏನೋ, ಮಗಳು ಯಾವಾಗ ಕಾಲೇಜಿಗೆ ಹೋಗುತ್ತಾಳೆ ಎಂದು ಅಪ್ಪನನ್ನು ಕೇಳಿದರು.

"ಸೀಟ್ ಬರ್ನಿಲ್ಲ ಕಣಪ್ಪ," ಅಂದರು ಅಪ್ಪ. "ಗ್ಯಾರಂಟಿ ಅಲ್ಲ ಅಂತ ಕೂಸು ಆವತ್ತೇ ಏಳಿತ್ತು. ನಾನೇ ದುಡುಕ್ಬುಟ್ಟು ಎಲ್ರಿಗೂ ಸಾರ್ಬುಟ್ಟೆ."

ಹಿಂದೊಮ್ಮೆ ನೀರು ಬೆರೆಸಿದ ಹಾಲು ತಂದು ವಾಪಸ್ಸಾಗಿದ್ದ ಒಬ್ಬ ಕಿಸಕ್ಕನೆ ನಕ್ಕ. "ಈ ಸಲ ಸೆಕ್ರೆಟ್ರಿ ಆಲ್ಗೇ ನೀರು ಬಿತ್ತು" ಅಂದ. ಸಾಲಿನಲ್ಲಿ ಇನ್ನೂ ಕೆಲವರು ನಕ್ಕರು. ಅಪ್ಪ ತಲೆ ಎತ್ತಲಿಲ್ಲ, ಹಾಲು ಅಳೆಯುತ್ತಲೇ ಇದ್ದರು. ನಾನು ಆವತ್ತು ಹಾಗೇನೂ ಹೇಳಿರಲಿಲ್ಲ ಎಂಬುದು ಅಲ್ಲಿ ಗೊತ್ತಿದ್ದದ್ದು ಇಬ್ಬರಿಗೆ. ನನ್ನ ಸರದಿ ಬಂತು. ಅಪ್ಪ ಕ್ಯಾನು ಇಸಿದುಕೊಂಡು ಅಳೆದು, ಖಾಲಿ ಮಾಡಿ ವಾಪಸ್ಸು ಕೊಟ್ಟರು. ನಾನು ಬಾಯಿ ಬಿಡಬಹುದಿತ್ತು.

ಆಮೇಲೆ ನಂಜನಗೂಡಿನಲ್ಲೇ ಬಿ.ಎಸ್ಸಿ. ಮುಗಿಸಿದೆ, ಕೆಲಸವೂ ಸಿಕ್ಕಿತು. ಸೀಟು ತಪ್ಪಿದ ನೋವು ಎಂದೋ ಹೋಯಿತು. ಮೊನ್ನೆ ನೆಂಟರು ಬಂದಿದ್ದಾಗ ಆ ಮಾತೇ ಬಂತು. ಕೂಸು ಆವತ್ತೇ ಹೇಳಿತ್ತು, ನಾನೇ ದುಡುಕಿದೆ ಎಂದು ಅಪ್ಪ ಮತ್ತೆ ಹೇಳಿದರು. ನಾನು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.