ಅಕ್ಕನ ಪಕ್ಕೆಯ ಕೊಳವೆ

ಅಕ್ಕನ ಬಲ ಶ್ವಾಸಕೋಶದ ಮೇಲ್ಭಾಗವನ್ನು ಕ್ಷಯ ತಿಂದುಹಾಕಿತ್ತು. ಅದನ್ನು ಕತ್ತರಿಸಿ ತೆಗೆದು ಒಂಬತ್ತು ದಿನವಾದರೂ ಚಿಕ್ಕಬಳ್ಳಾಪುರದ ಆಸ್ಪತ್ರೆಯವರು ಅವಳನ್ನು ಮನೆಗೆ ಬಿಟ್ಟಿರಲಿಲ್ಲ. ಪಕ್ಕೆಯಿಂದ ಹೊರಟ ಕೊಳವೆಯೊಂದು ಮಂಚದ ಕೆಳಗಿನ ಬಾಟಲಿಯ ನೀರಿನಲ್ಲಿ ಮುಳುಗಿತ್ತು. ಅವಳು ಕೆಮ್ಮಿದಾಗಲೆಲ್ಲ ಅಲ್ಲಿ ಗುಳುಗುಳು ಗುಳ್ಳೆ ಏಳುತ್ತಿದ್ದವು. ಕೊಯ್ದ ಜಾಗ ಮುಚ್ಚಿಲ್ಲ, ಅಲ್ಲಿಂದ ಗಾಳಿ ಸೋರುತ್ತಿದೆ, ಗುಳ್ಳೆ ನಿಲ್ಲುವವರೆಗೂ ಕೊಳವೆ ತೆಗೆಯುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ಹಗಲೆಲ್ಲ ಸ್ಟೂಲಿನ ಮೇಲೆ ಕೂತು ಬಾಟಲಿ ನೋಡುವುದೇ ನನ್ನ ಕೆಲಸವಾಗಿತ್ತು. ಆ ಸದ್ದು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಅಕ್ಕನ ಚಿಂತೆಯೇ ಬೇರೆ. ಜಂಗಮಕೋಟೆ ಹತ್ತಿರದ ಅವಳ ಮನೆಯಲ್ಲಿ ರೇಷ್ಮೆ ಹುಳುಗಳು ನಾಲ್ಕನೇ ಜ್ವರ ಮುಗಿಸಿ ಎದ್ದಿದ್ದವು. ಹುಳು ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಅನ್ನುತ್ತೇವೆ. ನಾಲ್ಕನೆಯದು ಕಳೆದ ಮೇಲೆ ಒಂದು ವಾರ ಸೊಪ್ಪು ಮುಕ್ಕಿ ಹಣ್ಣಾಗುತ್ತವೆ, ಅಂದರೆ ನೂಲು ಬಿಡಲು ಸಿದ್ಧವಾಗುತ್ತವೆ. ಹಣ್ಣಾದವನ್ನು ಹೊತ್ತಿಗೆ ಸರಿಯಾಗಿ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಅನ್ನುವ ಬಿದಿರ ತಟ್ಟಿಗೆ ಬಿಡಬೇಕು. ಆ ಕೆಲಸಕ್ಕೆ ಅಕ್ಕ ಯಾರನ್ನೂ ನಂಬಿದವಳಲ್ಲ, ಭಾವನನ್ನಂತೂ ಇಲ್ಲವೇ ಇಲ್ಲ.

"ಅವ್ರಿಗೆ ಹಣ್ಣು ಹುಳ ಯಾವ್ದು, ರೋಗದ ಹುಳ ಯಾವ್ದು ಗೊತ್ತಾಗಲ್ಲ ಕಣೋ. ನಾನು ಹೋಗ್ಲೇಬೇಕು" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು.

ಹತ್ತನೇ ದಿನ ಬೆಳಿಗ್ಗೆ ಗುಳ್ಳೆ ನಿಂತಿತು. ರೌಂಡ್ಸಿಗೆ ಬಂದ ಚಿಕ್ಕ ಡಾಕ್ಟರು ಬಾಟಲಿ ನೋಡಿ, "ನಾಳೆನೂ ಹೀಗೇ ಇದ್ರೆ ಎಕ್ಸ್‌ರೇ ಮಾಡಿ ಟ್ಯೂಬ್ ತೆಗೆಯಣ" ಅಂದರು. ನಾನು ಖುಷಿಯಲ್ಲಿ ಇಡ್ಲಿ ತರಲು ಓಡಿದೆ. ವಾಪಸು ಬಂದು ಹೊದಿಕೆ ಸರಿಮಾಡಲು ಹೋದರೆ, ಒಳಗೆ ಅಕ್ಕ ಕೊಳವೆಯನ್ನು ಮಡಿಚಿ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು.

"ಬಾಯ್ ಮುಚ್ಕೊಂಡಿರು ಕಣಪ್ಪ. ಡಾಕ್ಟ್ರು ಬಂದಾಗ ಮಾತ್ರ ಹಿಡ್ಕೊತೀನಿ. ನಾಳೆ ಒಂದಿನ ಅಷ್ಟೇ."

ನಾನು ಬಾಯಿ ಮುಚ್ಚಿಕೊಂಡೆ. ಅವಳ ಮೇಲಿನ ಮರುಕದಿಂದ ಅಂತ ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳು. ನನಗೂ ಆಸ್ಪತ್ರೆ ಸಾಕಾಗಿತ್ತು, ರಜೆ ಮುಗಿದಿತ್ತು, ಮನೆಗೆ ಹೋಗಬೇಕಿತ್ತು.

ಮಧ್ಯಾಹ್ನದ ಹೊತ್ತಿಗೆ ಅವಳ ದನಿ ಕೀರಲಾಯಿತು. ಕತ್ತು ದಪ್ಪಗಾಯಿತು, ಆಮೇಲೆ ಕೆನ್ನೆ, ಆಮೇಲೆ ರೆಪ್ಪೆ. ಕತ್ತು ಮುಟ್ಟಿದರೆ ಚರ್ಮದ ಕೆಳಗೆ ಒಣಗಿದ ಹಿಪ್ಪುನೇರಳೆ ಎಲೆ ಅದುಮಿದಂತೆ ಚರಚರ ಅಂದಿತು. ಉಸಿರಿಗೆ ಒದ್ದಾಡುತ್ತಲೇ ಅವಳು "ಏನಾಗಿಲ್ಲ, ಏನಾಗಿಲ್ಲ" ಅನ್ನುತ್ತಿದ್ದಳು. ನಾನು ಕೂಗಿದ್ದಕ್ಕೆ ದೊಡ್ಡ ಡಾಕ್ಟರು ಓಡಿ ಬಂದರು.

"ಟ್ಯೂಬ್ ಯಾರಾದ್ರೂ ಮುಟ್ಟಿದ್ರಾ?"

ಅಕ್ಕ ನನ್ನನ್ನೇ ನೋಡುತ್ತಾ ಇಲ್ಲವೆಂದು ತಲೆಯಾಡಿಸಿದಳು. ನಾನು ಹೊದಿಕೆ ಎಳೆದುಬಿಟ್ಟೆ. ಡಾಕ್ಟರು ಬಂದಾಗ ಮಾತ್ರ ಅಂದವಳು ಬಿಟ್ಟೇ ಇರಲಿಲ್ಲ. ಕೈ ಸೋತಿರಬೇಕು, ಮಾತ್ರೆ ಪೊಟ್ಟಣದ ರಬ್ಬರ್ ಬ್ಯಾಂಡನ್ನು ಮಡಿಚಿದ ಕೊಳವೆಗೆ ಬಿಗಿಯಾಗಿ ಸುತ್ತಿದ್ದಳು. ಡಾಕ್ಟರು ಅದನ್ನು ಕಿತ್ತ ತಕ್ಷಣ ಬಾಟಲಿಯ ನೀರು ಭೋರೆಂದು ಉಕ್ಕಿತು.

"ಹೊರಗೆ ಹೋಗೋ ಗಾಳೀನ ಒಳಗೇ ಕಟ್ಟಾಕಿದ್ದೀರಲ್ಲಮ್ಮ! ಅದೇ ಚರ್ಮದ ಕೆಳಗೆ ನುಗ್ಗಿ ಮುಖ ಊದ್ಸಿರೋದು. ಇನ್ನೊಂದು ಗಂಟೆ ಆಗಿದ್ರೆ ಹೃದಯಾನೇ ಅದುಮ್ಬಿಡ್ತಿತ್ತು." ಆಮೇಲೆ ನನ್ನ ಕಡೆ ತಿರುಗಿ, "ನಿಮಗೆ ಯಾವಾಗಿಂದ ಗೊತ್ತಿತ್ತು?" ಅಂದರು. ಬೆಳಿಗ್ಗೆಯಿಂದ ಅಂತ ಹೇಳುವಾಗ ನಾಚಿಕೆಯಿಂದ ಸತ್ತೇ ಹೋದೆ.

ಮರುದಿನ ಅವಳದೇ ತೋಳಿನಿಂದ ರಕ್ತ ತೆಗೆದು ಅದೇ ಕೊಳವೆಯ ಮೂಲಕ ಎದೆಯೊಳಗೆ ಬಿಟ್ಟರು. ಅದು ಹೆಪ್ಪುಗಟ್ಟಿ ತೂತು ಮುಚ್ಚಬಹುದು, ಮುಚ್ಚದೆಯೂ ಇರಬಹುದು, ಆಗ ಮತ್ತೆ ಎದೆ ತೆರೆಯಬೇಕು ಎಂದರು. ಊರಲ್ಲಿ ಹುಳು ಹಣ್ಣಾದವು. ಭಾವ ಫೋನ್ ಮಾಡಿ, ಅಕ್ಕಪಕ್ಕದವರನ್ನು ಕರೆದು ಆರಿಸಿದೆವು ಅಂದರು. ಅಕ್ಕ ಕಣ್ಣು ಮುಚ್ಚಿಕೊಂಡು ಕೇಳಿದಳು.

ರಕ್ತ ಬಿಟ್ಟ ಮೂರನೇ ದಿನ ನರ್ಸಮ್ಮ ನಗುತ್ತಾ, "ಬನ್ನಿ, ಗುಳ್ಳೆ ನಿಂತಿದೆ" ಎಂದು ಕರೆದರು. ನಾನು ಬಾಟಲಿಯ ಕಡೆ ಹೋಗಲಿಲ್ಲ. ಹೊದಿಕೆ ಎತ್ತಿದೆ. ಅಕ್ಕನ ಎರಡೂ ಕೈ ಹೊಟ್ಟೆಯ ಮೇಲಿದ್ದವು. ಆದರೂ ಪಕ್ಕೆಯಿಂದ ಬಾಟಲಿಯವರೆಗೂ ಕೊಳವೆಯನ್ನು ಬೆರಳಲ್ಲಿ ಸವರುತ್ತಾ ಹೋದೆ.

"ನಾನ್ ಮುಟ್ಟಿಲ್ಲ ಕಣಪ್ಪ" ಎನ್ನುವಾಗ ಅವಳ ಕಣ್ಣು ತುಂಬಿ ಬಂತು. "ಕೆಮ್ಲಾ?"

ಕೆಮ್ಮಿದಳು. ಗುಳ್ಳೆ ಬರಲಿಲ್ಲ.

"ಇನ್ನೊಂದ್ಸಲ ಕೆಮ್ಮಕ್ಕ" ಎಂದೆ.